ಬದಲಿ ಎಂದರೆ ಯಾವುದಕ್ಕೆ ಬದಲಿ?

ಚೆನ್ನಾಗಿ ಕೆಲಸ ಮಾಡುತ್ತಿರುವ ಒಂದು ವಸ್ತುವನ್ನು ತಯಾರಿಸುವವರು ಒಂದು ದಿನ ‘ಇನ್ನು ಇದನ್ನು ಮಾಡುವುದಿಲ್ಲ’ ಎಂದುಬಿಟ್ಟರೆ, ಅದನ್ನು ಈಗಾಗಲೇ ಕೊಂಡವರಿಗೆ ಅನ್ಯಾಯವಾಯಿತೆನ್ನಬಹುದೇ? ಕೊಟ್ಟ ಹಣಕ್ಕೆ ಸಾಮಾನು ಕೈಗೆ ಬಂದಿದೆ, ರಸೀತಿ ಸಿಕ್ಕಿದೆ, ವ್ಯವಹಾರ ಮುಗಿದಿದೆ. ಆಮೇಲೆ ಅವರು ಕಾರ್ಖಾನೆ ನಡೆಸಲಿ, ಮುಚ್ಚಲಿ, ನಮಗೇನು ಎಂದು ಕೇಳುವವರಿದ್ದಾರೆ. ಮೇಲುನೋಟಕ್ಕೆ ಈ ಮಾತು ಸರಿಯಾಗಿಯೇ ಕಾಣುತ್ತದೆ. ಆದರೆ ಹಳೆಯ ಮಿಕ್ಸಿಯ ಜಾರಿಗೆ ಮುಚ್ಚಳ ಸಿಗದೆ ಅಂಗಡಿಯಿಂದ ಅಂಗಡಿಗೆ ಅಲೆದ ಗೃಹಿಣಿಯರನ್ನು ಕೇಳಿ ನೋಡಿ, ಅವರು ಇಷ್ಟು ಸುಲಭವಾಗಿ ಒಪ್ಪಲಾರರು. ಇದು ಬರಿಯ ವ್ಯಾಪಾರದ ಪ್ರಶ್ನೆಯಲ್ಲ, ನೀತಿಯ ಪ್ರಶ್ನೆಯೂ ಹೌದೆಂದು ನನಗೆ ತೋರುತ್ತದೆ. ಅದನ್ನು ಇಲ್ಲಿ ಸ್ವಲ್ಪ ವಿಚಾರ ಮಾಡೋಣ.

ಈ ಯೋಚನೆಗೆ ನನ್ನನ್ನು ಹಚ್ಚಿದ್ದು ಒಂದು ದುರ್ಬೀನು. ಆರ್.ಕೆ.ಪುರಂನ ನಮ್ಮ ಸೆಕ್ಟರಿನ ಹಿರಿಯ ಮಿತ್ರರೊಬ್ಬರಿಗೆ ಪಕ್ಷಿವೀಕ್ಷಣೆಯ ಹವ್ಯಾಸ. ಚಳಿಗಾಲದ ಭಾನುವಾರಗಳಲ್ಲಿ ಓಖ್ಲಾದ ಯಮುನಾ ತೀರಕ್ಕೆ ಹೋಗಿ ಬರುತ್ತಾರೆ. ಹೊರದೇಶದಲ್ಲಿರುವ ಅವರ ಮಗ ದೂರವನ್ನೂ ಅಳೆದು ತೋರಿಸುವ ಒಂದು ಬೆಲೆಬಾಳುವ ದುರ್ಬೀನನ್ನು ತಂದುಕೊಟ್ಟಿದ್ದ. ಇಂಥವುಗಳ ಬೆಲೆ ಎರಡು ಲಕ್ಷ ರೂಪಾಯಿಯನ್ನು ಮೀರುವುದೂ ಉಂಟು. ಗುಂಡಿ ಒತ್ತಿದರೆ ಕಣ್ಣಿಗೆ ಕಾಣದ ಲೇಸರ್ ಕಿರಣ ಹೊರಟು, ಎದುರಿನ ವಸ್ತುವಿಗೆ ತಾಗಿ ಹಿಂದಿರುಗುತ್ತದೆ. ಬೆಳಕಿನ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. ಒಂದು ಕಿಲೋಮೀಟರ್ ದೂರದ ಮರಕ್ಕೆ ಹೋಗಿ ಬರಲು ಅದಕ್ಕೆ ಬೇಕಾದದ್ದು ಒಂದು ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ ಆರೂ ಮುಕ್ಕಾಲು ಭಾಗಕ್ಕೂ ಕೊಂಚ ಕಡಿಮೆ. ಅಷ್ಟು ಸೂಕ್ಷ್ಮವಾದ ಕಾಲವನ್ನು ಒಳಗಿನ ವಿದ್ಯುನ್ಮಾನ ಯಂತ್ರ ಎಣಿಸಿ, ದೂರವನ್ನು ಅಂಕಿಗಳಲ್ಲಿ ಕಣ್ಣ ಮುಂದೆ ತೋರಿಸುತ್ತದೆ. ಇದು ಕೇವಲ ಶೋಕಿಯ ವಸ್ತುವಲ್ಲ. ನಮ್ಮ ನಾಗರಹೊಳೆಯಲ್ಲಿ ಡಾ. ಕೆ. ಉಲ್ಲಾಸ ಕಾರಂತರು ಜಿಂಕೆ, ಕಡವೆ, ಕಾಟಿಗಳ ಸಾಂದ್ರತೆಯನ್ನು ಅಂದಾಜು ಮಾಡಲು ಬಳಸಿದ ಕ್ರಮದಲ್ಲಿ, ಕಾಡಿನ ಒಂದು ನೇರ ಗೆರೆಯಲ್ಲಿ ನಡೆಯುತ್ತ ಕಂಡ ಪ್ರಾಣಿ ಎಷ್ಟು ದೂರದಲ್ಲಿದೆ ಎಂದು ಬರೆದುಕೊಳ್ಳುವುದು ಮುಖ್ಯವಾದ ಕೆಲಸ. ಕಣ್ಣಂದಾಜಿನ ದೂರವನ್ನು ಆ ಲೆಕ್ಕ ನಂಬಲಾರದು.

ನಮ್ಮ ಮಿತ್ರರ ದುರ್ಬೀನಿನಲ್ಲಿ ಒಂದು ದಿನ ಅಂಕಿಗಳು ಮೂಡಲಿಲ್ಲ. ಮಗ ವಿಚಾರಿಸಿದಾಗ ಬಂದ ಉತ್ತರವಿಷ್ಟೆ: ಆ ಮಾದರಿಯ ತಯಾರಿಕೆ ನಿಂತಿದೆ, ಬಿಡಿಭಾಗಗಳು ಲಭ್ಯವಿಲ್ಲ, ಹೊಸ ಮಾದರಿಯನ್ನು ಪರಿಶೀಲಿಸಬಹುದು. ಗಾಜು ಮಾತ್ರ ಈಗಲೂ ಸ್ಫಟಿಕದಂತಿದೆ. ಇನ್ನೂ ನಲವತ್ತು ವರ್ಷ ಅದಕ್ಕೇನೂ ಆಗದು. ಒಳಗಿನ ಅಂಗೈಯಗಲದ ವಿದ್ಯುನ್ಮಾನ ಹಲಗೆಯ ಆಯುಷ್ಯ ಮಾತ್ರ ಮುಗಿದಿತ್ತು. ದೀರ್ಘಾಯುಷಿಯನ್ನೂ ಅಲ್ಪಾಯುಷಿಯನ್ನೂ ಒಂದೇ ಕವಚದೊಳಗೆ ಕೂಡಿಸಿಟ್ಟಿದ್ದರು.

ಸರ್ಕಾರಿ ಗುಮಾಸ್ತನಾದ ನನಗೆ ಈ ಸಂಗತಿಯನ್ನು ಕೇಳಿದಾಗ ನೆನಪಾದದ್ದು ನಮ್ಮ ಸಾಮಾನ್ಯ ಹಣಕಾಸು ನಿಯಮಾವಳಿ. ಕಚೇರಿಯ ಒಂದು ಕುರ್ಚಿಯನ್ನೋ ಪಂಖವನ್ನೋ ವಿಲೇವಾರಿ ಮಾಡಬೇಕಾದರೆ ಅದು ಮೂರರಲ್ಲಿ ಒಂದಾಗಿರಬೇಕು: ಅಗತ್ಯಕ್ಕಿಂತ ಹೆಚ್ಚಾದದ್ದು, ಕಾಲ ಮೀರಿದ್ದು, ಅಥವಾ ಕೆಲಸಕ್ಕೆ ಬಾರದ್ದು. ಯಾವುದೆಂದು ತೀರ್ಮಾನಿಸಿ ಕಾರಣವನ್ನು ಕಡತದಲ್ಲಿ ಬರೆಯಬೇಕು. ಇದನ್ನು ಕೆಂಪುಪಟ್ಟಿ ಎಂದು ಹಾಸ್ಯ ಮಾಡುವವರು ಇದರ ಹಿಂದಿರುವ ವಿವೇಕವನ್ನು ಗಮನಿಸುವುದಿಲ್ಲ. ಈ ಮೂರು ಶಬ್ದಗಳು ಮೂರು ಬೇರೆ ಬೇರೆ ಸ್ಥಿತಿಗಳು. ಮುರಿದದ್ದು ಬೇರೆ, ಹಳತಾದದ್ದು ಬೇರೆ, ಬೇಡವಾದದ್ದು ಬೇರೆ. ಪೇಟೆಯ ವ್ಯವಹಾರ ಈ ಮೂರನ್ನೂ ಕಲಸಿ ‘ಹಳೆಯ ಮಾದರಿ’ ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತದೆ. ಮುರಿಯದೆ ಇರುವುದನ್ನು ಬೇಡವಾದದ್ದನ್ನಾಗಿ ಮಾಡಿ, ಆಮೇಲೆ ಕೆಲಸಕ್ಕೆ ಬಾರದ್ದನ್ನಾಗಿಯೂ ಮಾಡುತ್ತದೆ. ಅದಕ್ಕೆ ಕಾರಣವನ್ನು ಯಾವ ಕಡತದಲ್ಲೂ ಬರೆಯಬೇಕಾಗಿಲ್ಲ.

ದುರ್ಬೀನು ಎಲ್ಲರ ಮನೆಯಲ್ಲೂ ಇರುವಂಥದ್ದಲ್ಲ. ಆದ್ದರಿಂದ ಕನ್ನಡಿಗರೆಲ್ಲರೂ ಬಲ್ಲ ಒಂದು ಉದಾಹರಣೆಯನ್ನು ತೆಗೆದುಕೊಳ್ಳುತ್ತೇನೆ. ಅದು ನಮ್ಮ ಎಚ್.ಎಂ.ಟಿ. ಗಡಿಯಾರ. ಹಿಂದೂಸ್ತಾನ್ ಮಷೀನ್ ಟೂಲ್ಸ್ ಸಂಸ್ಥೆ 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾಯಿತು. ಯಂತ್ರಗಳನ್ನು ತಯಾರಿಸುವ ಯಂತ್ರಗಳನ್ನು ತಯಾರಿಸುವುದು ಅದರ ಮೂಲ ಕೆಲಸ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಕೈಗಡಿಯಾರದ ವಿಭಾಗ ಆರಂಭವಾಯಿತು. ಮುಂದೆ ತುಮಕೂರು, ಶ್ರೀನಗರ, ಉತ್ತರಾಖಂಡದ ರಾಣಿಬಾಗ್‌ಗಳಲ್ಲಿಯೂ ಗಡಿಯಾರದ ಕಾರ್ಖಾನೆಗಳು ಎದ್ದವು. ಜನತಾ, ಪೈಲಟ್, ಕೊಹಿನೂರ್, ಸೋನಾ, ಕಾಂಚನ್ ಮುಂತಾದ ಹೆಸರುಗಳು ನಮ್ಮ ಹಿರಿಯರ ಬಾಯಲ್ಲಿ ನೆಂಟರ ಹೆಸರುಗಳಂತೆ ಬರುತ್ತಿದ್ದವು. ಮದುವೆಯಲ್ಲಿ ಅಳಿಯನಿಗೆ ವಾಚು, ಎಸ್.ಎಸ್.ಎಲ್.ಸಿ. ಪಾಸಾದ ಮಗನಿಗೆ ವಾಚು, ನಿವೃತ್ತರಾದ ಮೇಷ್ಟರಿಗೆ ಊರವರಿಂದ ವಾಚು, ಹೀಗೆ ಬದುಕಿನ ದೊಡ್ಡ ದಿನಗಳಿಗೆಲ್ಲ ಅದು ಸಾಕ್ಷಿ. ದೆಹಲಿಯ ಕಚೇರಿಗಳಲ್ಲಿ ಬೇರೆ ಪ್ರಾಂತದವರ ಮಣಿಕಟ್ಟಿನ ಮೇಲೆ ಆ ಮೂರಕ್ಷರ ಕಂಡಾಗ ‘ಇದು ನಮ್ಮೂರಿನದು’ ಎಂದು ಹೆಮ್ಮೆಪಟ್ಟ ಕನ್ನಡಿಗರು ಎಷ್ಟೋ ಮಂದಿ.

ಆ ಕಾರ್ಖಾನೆಗಳು ವರ್ಷಾನುಗಟ್ಟಲೆ ನಷ್ಟ ಅನುಭವಿಸಿದವು. ಕೊನೆಗೆ 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟದ ಆರ್ಥಿಕ ವ್ಯವಹಾರಗಳ ಸಮಿತಿ ಎಚ್.ಎಂ.ಟಿ. ವಾಚಸ್ ಕಂಪನಿಯನ್ನೂ ಶ್ರೀನಗರದ ಎಚ್.ಎಂ.ಟಿ. ಚಿನಾರ್ ವಾಚಸ್ ಕಂಪನಿಯನ್ನೂ ಮುಚ್ಚಲು ಒಪ್ಪಿಗೆ ಕೊಟ್ಟಿತು. ಉಳಿದಿದ್ದ ನೌಕರರಿಗೆ ಸ್ವಯಂ ನಿವೃತ್ತಿಯ ಯೋಜನೆ ಬಂತು. ತುಮಕೂರಿನ ಕಾರ್ಖಾನೆಯ ಜಾಗ ಇಸ್ರೋ ಸಂಸ್ಥೆಗೆ ಹೋಯಿತು. ಎಚ್.ಎಂ.ಟಿ. ಹೆಸರಿನ ವಾಚುಗಳು ಆಮೇಲೆಯೂ ಸಣ್ಣ ಪ್ರಮಾಣದಲ್ಲಿ ಮಾರಾಟಕ್ಕೆ ಬಂದಿವೆ. ಆದರೆ ಸಾವಿರಾರು ಕೈಗಳು ಸೇರಿ ಸಣ್ಣ ತಿರುಪಿನಿಂದ ಹಿಡಿದು ಇಡೀ ಗಡಿಯಾರವನ್ನು ಕಟ್ಟುತ್ತಿದ್ದ ಆ ವ್ಯವಸ್ಥೆ ಮುಗಿದ ಅಧ್ಯಾಯ. ಮುಚ್ಚುವ ಸುದ್ದಿ ಹೊರಬಿದ್ದಾಗ ಜನ ಅಂಗಡಿಗಳಿಗೆ ಧಾವಿಸಿ ಉಳಿದಿದ್ದ ವಾಚುಗಳನ್ನು ಕೊಂಡರು. ಇದ್ದಾಗ ಕೊಳ್ಳದವರೂ ಹೋಗುವಾಗ ಕೊಂಡರೆಂಬುದು ಮನುಷ್ಯ ಸ್ವಭಾವ.

ಇಲ್ಲಿ ನ್ಯಾಯವಾಗಿ ಮಾತನಾಡಬೇಕು. ಕಾರ್ಖಾನೆ ಮುಚ್ಚಿದ್ದು ತಪ್ಪೆಂದು ಸಾಧಿಸಲು ನಾನು ಹೊರಟಿಲ್ಲ. ಕೀಲಿ ಕೊಡುವ ಜನತಾ ವಾಚಿನ ಹೃದಯ ಗಂಟೆಗೆ 18,000 ಬಾರಿ ಮಿಡಿಯುತ್ತದೆ. ಕ್ವಾರ್ಟ್ಜ್ ವಾಚಿನೊಳಗಿನ ಹರಳು ಒಂದೇ ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಮೊದಲನೆಯದು ದಿನಕ್ಕೆ ಅರ್ಧ ನಿಮಿಷ ಹಿಂದೆಮುಂದೆ ಆದರೂ ನಾವು ಕ್ಷಮಿಸುತ್ತೇವೆ. ಎರಡನೆಯದು ಒಂದು ತಿಂಗಳಲ್ಲಿಯೂ ಅಷ್ಟು ತಪ್ಪುವುದು ಅಪರೂಪ. 1969ರಲ್ಲಿ ಜಪಾನಿನ ಸೀಕೋ ಕಂಪನಿ ಮೊದಲ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರಾಟಕ್ಕೆ ತಂದಾಗಲೇ ಸ್ವಿಟ್ಜರ್ಲೆಂಡಿನಂಥ ಸ್ವಿಟ್ಜರ್ಲೆಂಡೇ ನಡುಗುವ ಕಾಲ ಆರಂಭವಾಗಿತ್ತು. ಎಚ್.ಎಂ.ಟಿ.ಯೂ ಕ್ವಾರ್ಟ್ಜ್ ವಾಚುಗಳನ್ನು ತಯಾರಿಸಿತು. ಆದರೆ 1984ರಲ್ಲಿ ಸ್ಥಾಪಿತವಾಗಿ 1987ರಲ್ಲಿ ಪೇಟೆಗಿಳಿದ ಟೈಟಾನ್ ಕಂಪನಿ ಬೆಂಗಳೂರಿನ ನೆರೆಯ ಹೊಸೂರಿನಲ್ಲೇ ಕುಳಿತು ಅದನ್ನು ಹಿಂದಿಕ್ಕಿತು. ಅದರ ಮೇಲೆ ಮೊಬೈಲ್ ಫೋನು ಬಂದು ವಾಚೇ ಬೇಡವೆನ್ನಿಸಿತು. ಜನರು ಕೊಳ್ಳದ ವಸ್ತುವನ್ನು ಜನರ ತೆರಿಗೆಯ ಹಣದಿಂದ ಎಷ್ಟು ಕಾಲ ತಯಾರಿಸಬಹುದು? ಯಾವ ವಸ್ತುವಿಗೂ ಶಾಶ್ವತವಾಗಿ ತಯಾರಾಗುತ್ತಲೇ ಇರುವ ಹಕ್ಕಿಲ್ಲ.

ನಿಂತದ್ದಕ್ಕೆಲ್ಲ ಅಳಬೇಕಾಗಿಯೂ ಇಲ್ಲ. 2013ರ ಜುಲೈ ತಿಂಗಳಲ್ಲಿ ತಂತಿ ಸೇವೆ ನಿಂತಿತು. ಹಿಂದೆ ದೆಹಲಿಗೆ ಬಂದ ನಮ್ಮ ಹಿರಿಯರಿಗೆ ತಂತಿಯೆಂದರೆ ಎದೆ ಧಸಕ್ಕೆನ್ನುತ್ತಿತ್ತು. ಊರಿನಿಂದ ತಂತಿ ಬಂದು, ರೈಲಿಗೆ ಟಿಕೆಟ್ಟು ಸಿಕ್ಕಿ, ಎರಡು ರಾತ್ರಿ ಪ್ರಯಾಣ ಮಾಡಿ ಮನೆ ತಲಪುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು. ಅದರ ಬದಲು ಇಂದು ಹಾಸಿಗೆ ಹಿಡಿದ ತಾಯಿಯ ಮುಖವನ್ನು ಫೋನಿನಲ್ಲಿ ನೋಡುತ್ತ ಮಾತನಾಡಬಹುದು. ತಂತಿ ಮರಳಿ ಬರಲೆಂದು ಯಾರೂ ಹರಕೆ ಹೊರುವುದಿಲ್ಲ. ಹಾಗಾದರೆ ತಂತಿ ನಿಂತಾಗ ಏನನ್ನೂ ಕಳೆದುಕೊಳ್ಳಲಿಲ್ಲವೆಂದು ಅನ್ನಿಸುವ ನಮಗೆ, ಗಡಿಯಾರದ ಕಾರ್ಖಾನೆ ನಿಂತಾಗ ಏನನ್ನೋ ಕಳೆದುಕೊಂಡೆವೆಂದು ಏಕೆ ಅನ್ನಿಸುತ್ತದೆ? ಬರಿಯ ಹಳೆಯ ನೆನಪಿನ ಮೋಹವೇ?

ಇರಲಾರದು. ಒಂದು ವಸ್ತು ಏಕಕಾಲಕ್ಕೆ ಮೂರು ಕೆಲಸ ಮಾಡುತ್ತಿರುತ್ತದೆ. ಮೊದಲನೆಯದು ಅದರ ಉಪಯೋಗ. ಗಡಿಯಾರ ಹೊತ್ತು ತೋರಿಸುತ್ತದೆ, ದುರ್ಬೀನು ದೂರದ್ದನ್ನು ಹತ್ತಿರ ತರುತ್ತದೆ. ಎರಡನೆಯದು, ಅದರ ಸುತ್ತ ಬೆಳೆದ ಕುಶಲತೆ. ಕಾರ್ಖಾನೆಯಲ್ಲಿ ಕೂದಲೆಳೆಯಂಥ ಸುರುಳಿಯನ್ನು ಕೂರಿಸಬಲ್ಲ ಕೈಯಿಂದ ಹಿಡಿದು, ಊರಿನ ಸಂತೆಬೀದಿಯಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ರಿಪೇರಿ ಮಾಡುವವನವರೆಗೆ ಹಬ್ಬಿದ ವಿದ್ಯೆ ಅದು. ಮೂರನೆಯದು ನಂಬಿಕೆ. ಇದು ಕೆಟ್ಟರೆ ಸರಿಮಾಡುವವರಿದ್ದಾರೆ, ನನ್ನ ನಂತರ ಮಗನಿಗೂ ಆಗುತ್ತದೆ ಎಂಬ ಭರವಸೆ. ಬದಲಿ ಎಂದು ಬರುವ ವಸ್ತು ಸಾಮಾನ್ಯವಾಗಿ ಮೊದಲನೆಯದಕ್ಕೆ ಮಾತ್ರ ಬದಲಿ, ಮತ್ತು ಬಹಳ ಸಲ ಮೊದಲಿನದಕ್ಕಿಂತ ಉತ್ತಮವಾದ ಬದಲಿ. ಉಳಿದೆರಡಕ್ಕೆ ಅದು ಬದಲಿಯೇ ಅಲ್ಲ. ‘ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು’ ಎಂಬ ಗಾದೆ ಇಲ್ಲಿಗೂ ಸಲ್ಲುತ್ತದೆ. ಬೆಲೆಯ ಲೆಕ್ಕದಲ್ಲಿ ಆನೆ ಅಡಿಕೆಗಿಂತ ಎಷ್ಟೋ ದೊಡ್ಡದು, ಆದರೆ ಹೋದದ್ದು ಅಡಿಕೆಯೊಂದೇ ಅಲ್ಲವಲ್ಲ.

ನಮ್ಮ ತಂದೆಯವರು ತಿಪಟೂರು ತಾಲ್ಲೂಕಿನಲ್ಲಿ ಶಾಲಾ ಮಾಸ್ತರರಾಗಿದ್ದರು. ಅವರು ಕಟ್ಟುತ್ತಿದ್ದ ಜನತಾ ವಾಚು ಈಗ ನನ್ನ ಬಳಿ ಇದೆ. ಎರಡು ವರ್ಷದ ಹಿಂದೆ ಅದು ನಿಂತಾಗ ಮುನಿರ್ಕಾದ ಗಲ್ಲಿಯ ರಿಪೇರಿಯವನೊಬ್ಬನಲ್ಲಿಗೆ ಒಯ್ದೆ. ಆತ ಹಿಂಬದಿಯ ಮುಚ್ಚಳ ಬಿಚ್ಚಿ ನೋಡಿ, ಬಿಸ್ಕತ್ತಿನ ಡಬ್ಬಿಯೊಂದನ್ನು ಎಳೆದುಕೊಂಡ. ಅದರ ತುಂಬ ಸತ್ತ ಜನತಾಗಳು! ಒಂದರ ಒಳಗಿಂದ ಬೇಕಾದ ಭಾಗವನ್ನು ಚಿಮಟದಿಂದ ಎತ್ತಿ ನನ್ನದಕ್ಕೆ ಹಾಕಿದ. ಜೊತೆಗೆ ಒಯ್ದಿದ್ದ ಮಗಳ ಕ್ವಾರ್ಟ್ಜ್ ವಾಚನ್ನು ನೋಡಿ, ‘ಬಾಬೂಜಿ, ಇದರಲ್ಲಿ ರಿಪೇರಿ ಅನ್ನೋದಿಲ್ಲ, ಇಡೀ ಮೆಷೀನೇ ಬದಲಾಯಿಸಿಬಿಡ್ತೀನಿ’ ಎಂದ. ಅದೂ ನಡೆಯಿತು, ಖರ್ಚೂ ಕಡಿಮೆಯೇ ಆಯಿತು. ಆದರೆ ಎರಡು ಕೆಲಸಗಳ ನಡುವಿನ ಅಂತರ ನೋಡಿ. ಒಂದರಲ್ಲಿ ಅವನ ವಿದ್ಯೆ ಬೇಕಾಯಿತು, ಇನ್ನೊಂದರಲ್ಲಿ ಅವನ ಅಂಗಡಿ ಮಾತ್ರ ಬೇಕಾಯಿತು.

ಭಾಗಗಳನ್ನು ಬದಲಾಯಿಸಿದ ಮೇಲೆ ಅದು ತಂದೆಯವರ ವಾಚೇ ಹೌದೇ ಎಂದು ತರ್ಕ ಮಾಡುವವರು ಕೇಳಬಹುದು. ಇದು ಹಳೆಯ ಪ್ರಶ್ನೆ. ಹಲಗೆಗಳನ್ನು ಒಂದೊಂದಾಗಿ ಬದಲಾಯಿಸಿದ ಥೀಸಿಯಸನ ಹಡಗು ಅದೇ ಹಡಗೇ ಎಂದು ಗ್ರೀಕರು ಚರ್ಚಿಸಿದ್ದನ್ನು ಪ್ಲೂಟಾರ್ಕ್ ದಾಖಲಿಸಿದ್ದಾನೆ. ನಮ್ಮಲ್ಲಿ ಬೌದ್ಧ ಭಿಕ್ಷು ನಾಗಸೇನ ಮಿಲಿಂದ ರಾಜನಿಗೆ ರಥದ ಉದಾಹರಣೆ ಕೊಟ್ಟ. ಅಚ್ಚು ರಥವಲ್ಲ, ಚಕ್ರ ರಥವಲ್ಲ, ನೊಗ ರಥವಲ್ಲ, ಅವು ಸೇರಿದಾಗ ನಾವು ಕೊಡುವ ಹೆಸರು ರಥ. ಈ ಮಾತಿನಿಂದ ನಾನು ತೆಗೆದುಕೊಳ್ಳುವ ಪಾಠ ಬೇರೆ. ವಸ್ತು ಎಂಬುದು ಬಿಡಿಭಾಗಗಳ ಕೂಟವಾದರೆ, ಅದರ ಬದುಕು ಇರುವುದು ಆ ಭಾಗಗಳನ್ನು ಬಿಚ್ಚಿ ಮತ್ತೆ ಕೂಡಿಸಬಲ್ಲ ಅವಕಾಶದಲ್ಲಿ. ಆ ಅವಕಾಶ ಇರುವತನಕ, ತಯಾರಕ ಇಲ್ಲದಿದ್ದರೂ ವಸ್ತು ಬದುಕುತ್ತದೆ. ಅದನ್ನು ಬೆಸೆದು, ಅಂಟಿಸಿ, ಗುಟ್ಟಾಗಿಟ್ಟರೆ ತಯಾರಕನ ಇಚ್ಛೆ ಮುಗಿದ ದಿನ ವಸ್ತುವೂ ಮುಗಿಯುತ್ತದೆ. ಜನತಾ ವಾಚು ತನ್ನ ಕಾರ್ಖಾನೆಯನ್ನೂ ಮೀರಿ ನಡೆಯುತ್ತಿದೆ. ನಮ್ಮ ಮಿತ್ರರ ಲಕ್ಷಾಂತರ ಬೆಲೆಯ ದುರ್ಬೀನಿಗೆ, ಅದರ ಕಂಪನಿ ಇನ್ನೂ ಬಾಳುತ್ತಿದ್ದರೂ, ದೂರ ಹೇಳಲು ಬಾರದು.

ಆದ್ದರಿಂದ ಮೊದಲು ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇದು. ತಯಾರಿಕೆಯನ್ನು ನಿಲ್ಲಿಸುವ ಸ್ವಾತಂತ್ರ್ಯ ತಯಾರಕನಿಗೆ ಉಂಟು. ಮಾರಿಬಿಟ್ಟ ವಸ್ತುವನ್ನು ನಿರ್ಜೀವಗೊಳಿಸುವ ಸ್ವಾತಂತ್ರ್ಯ ಇಲ್ಲ. ಕೊಳ್ಳುವಾಗ ನಾವು ಕೊಟ್ಟ ಹಣ ಗಾಜಿಗೂ ಲೋಹಕ್ಕೂ ಮಾತ್ರವಲ್ಲ, ಮೇಲೆ ಹೇಳಿದ ಮೂರನೆಯ ಅಂಶಕ್ಕೂ, ಎಂದರೆ ನಂಬಿಕೆಗೂ ಸೇರಿತ್ತು. ಬೆಲೆಬಾಳುವ ವಸ್ತುಗಳ ಜಾಹೀರಾತು ‘ಜೀವಮಾನದ ಸಂಗಾತಿ’ ಎಂಬ ಭಾವನೆಯನ್ನೇ ಮಾರುತ್ತದೆಯಲ್ಲವೇ? ನಿಲ್ಲಿಸುವಾಗ ಮುಂಚಿತವಾಗಿ ತಿಳಿಸುವುದು, ಹಲವು ವರ್ಷಕ್ಕಾಗುವಷ್ಟು ಬಿಡಿಭಾಗಗಳನ್ನು ಉಳಿಸಿಡುವುದು, ತಾನು ಇನ್ನು ಮಾಡದ ವಸ್ತುವಿನ ರಿಪೇರಿಯ ವಿವರಗಳನ್ನು ಬೇರೆಯವರಿಗೆ ಬಿಟ್ಟುಕೊಡುವುದು, ಇಷ್ಟು ಅವನ ಕರ್ತವ್ಯ. ಇದು ಕೇವಲ ಗುಮಾಸ್ತನ ಕನಸಲ್ಲ. ನಮ್ಮ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ‘ರಿಪೇರಿಯ ಹಕ್ಕಿ’ನ ಬಗ್ಗೆ ಸಮಿತಿಯನ್ನು ರಚಿಸಿತು, ಅದೇ ವರ್ಷದ ಡಿಸೆಂಬರಿನಲ್ಲಿ ಒಂದು ಜಾಲತಾಣವನ್ನೂ ತೆರೆಯಿತು. ಯೂರೋಪಿನ ಒಕ್ಕೂಟ 2024ರಲ್ಲಿ ಕೆಲವು ಬಗೆಯ ಸಾಮಾನುಗಳ ರಿಪೇರಿಯನ್ನು ತಯಾರಕರ ಹೊಣೆಯಾಗಿಸುವ ನಿರ್ದೇಶನವನ್ನು ಹೊರಡಿಸಿತು. ನಂಬಿಕೆಯನ್ನು ಕಾನೂನಿನ ಭಾಷೆಗೆ ತರುವ ಪ್ರಯತ್ನ ಆರಂಭವಾಗಿದೆ.

ಆದರೆ ಹೊಣೆ ಒಂದು ಕಡೆಯದಲ್ಲ. ಕೊಳ್ಳುವವರಾದ ನಾವೂ ಯೋಚಿಸಬೇಕು. ಮಿತ್ರರು ಈಗ ಏನು ಕೊಳ್ಳಬೇಕೆಂದು ಕೇಳಿದಾಗ ನಾನು ಹೇಳಿದ್ದು ಇಷ್ಟೆ: ಕೈಯಲ್ಲಿರುವ ದುರ್ಬೀನಿನ ಗಾಜು ಚೆನ್ನಾಗಿದೆ, ಅದನ್ನು ನೋಡುವುದಕ್ಕೆ ಇಟ್ಟುಕೊಳ್ಳಿ, ದೂರ ಅಳೆಯುವುದಕ್ಕೆ ಜೇಬಿನಲ್ಲಿ ಹಿಡಿಯುವ ಬೇರೆಯೇ ಒಂದು ಸಣ್ಣ ಮಾಪಕ ತೆಗೆದುಕೊಳ್ಳಿ. ಎರಡು ಸಾಮಾನು ಹೊರುವ ಕಷ್ಟ ಇದ್ದೇ ಇದೆ, ಹಾರುತ್ತಿರುವ ಹಕ್ಕಿಗೆ ಒಂದನ್ನು ಇಳಿಸಿ ಇನ್ನೊಂದನ್ನು ಎತ್ತುವಷ್ಟು ತಾಳ್ಮೆಯೂ ಇಲ್ಲ. ಆದರೆ ನಾಳೆ ಮಾಪಕ ಕೆಟ್ಟರೆ ಮಾಪಕವೊಂದೇ ಹೋಗುತ್ತದೆ. ಬಹುಕಾಲ ಬಾಳುವುದನ್ನು ಸ್ವಲ್ಪ ಕಾಲ ಬಾಳುವುದರ ಕೊರಳಿಗೆ ಕಟ್ಟಬಾರದು.

ಹೀಗೆ ಹೇಳುವಾಗ ನನ್ನ ಮನಸ್ಸು ಇನ್ನೊಂದು ವಿಷಯದ ಕಡೆಗೆ ಹರಿಯಿತು. ದೆಹಲಿಯಲ್ಲಿರುವ ನಮ್ಮ ಮನೆಗಳಲ್ಲಿ ಕನ್ನಡದ ಸ್ಥಿತಿ ಏನು? ಉಪಯೋಗದ ದೃಷ್ಟಿಯಿಂದ ಅದಕ್ಕೆ ಇಲ್ಲಿ ಒಳ್ಳೆಯ ಬದಲಿಗಳಿವೆ. ತರಕಾರಿ ಕೊಳ್ಳಲು ಹಿಂದಿ ಸಾಕು, ನೌಕರಿಗೆ ಇಂಗ್ಲಿಷು ಬೇಕು. ನಮ್ಮ ಮಕ್ಕಳು ‘ಕನ್ನಡ ಬರದಿದ್ದರೆ ಯಾವ ಕೆಲಸ ನಿಲ್ಲುತ್ತೆ ಅಪ್ಪ?’ ಎಂದು ಕೇಳಿದರೆ, ಪ್ರಾಮಾಣಿಕವಾದ ಉತ್ತರ ‘ಯಾವುದೂ ನಿಲ್ಲುವುದಿಲ್ಲ’ ಎಂಬುದೇ. ಉಪಯೋಗವೊಂದನ್ನೇ ಹಿಡಿದು ವಾದಿಸಿದರೆ ನಾವು ಸೋಲುತ್ತೇವೆ, ಜನತಾ ವಾಚು ಕ್ವಾರ್ಟ್ಜ್‌ಗೆ ಸೋತಂತೆ. ಆದರೆ ಅಜ್ಜಿ ಫೋನಿನಲ್ಲಿ ‘ಊಟ ಆಯ್ತಾ ಕಂದ, ಏನ್ ಸಾರು?’ ಎಂದು ಕೇಳಿದಾಗ ಮಗು ಫೋನನ್ನು ಅಮ್ಮನ ಕೈಗೆ ಕೊಟ್ಟು ಓಡಿಹೋಗುತ್ತದಲ್ಲ, ಅಲ್ಲಿ ನಿಂತದ್ದು ಏನು? ಆ ಜಾಗಕ್ಕೆ ಹಿಂದಿಯೂ ಬದಲಿಯಲ್ಲ, ಇಂಗ್ಲಿಷೂ ಬದಲಿಯಲ್ಲ. ಅಜ್ಜಿಗೆ ಅವೆರಡೂ ಬಾರವು.

ಭಾಷೆಯ ವಿಷಯದಲ್ಲಿ ತಯಾರಕರೂ ನಾವೇ, ಬಳಸುವವರೂ ನಾವೇ. ಬೇರೆ ಯಾವ ಕಂಪನಿಯನ್ನೂ ದೂರುವಂತಿಲ್ಲ. ಇಲ್ಲಿಯೂ ದುರ್ಬೀನಿನ ಪಾಠ ಸಲ್ಲುತ್ತದೆ. ಬಹಳ ಮನೆಗಳಲ್ಲಿ ಕನ್ನಡವನ್ನು ಒಂದೇ ಅಲ್ಪಾಯುಷಿ ಭಾಗಕ್ಕೆ ಕಟ್ಟಿಹಾಕಿದ್ದೇವೆ. ಊರಿನ ಅಜ್ಜಿ ತಾತ ಇರುವತನಕ ಕನ್ನಡ, ಅಥವಾ ನವೆಂಬರ್ ತಿಂಗಳ ರಾಜ್ಯೋತ್ಸವದ ದಿನ ಮಾತ್ರ ಕನ್ನಡ. ಆ ಒಂದು ಭಾಗ ನಿಂತ ದಿನ ಎಲ್ಲವೂ ನಿಲ್ಲುತ್ತದೆ. ರಾವ್ ತುಲಾರಾಂ ಮಾರ್ಗದ ಸಂಘದ ಕಟ್ಟಡ ನಮಗೆ ಬೇಕು, ನಿಜ. ಆದರೆ ಮಗುವಿಗೆ ಲೆಕ್ಕ ಹೇಳಿಕೊಡುವಾಗ ಕನ್ನಡ, ಅಡಿಗೆಮನೆಯಲ್ಲಿ ಬೈಯುವಾಗ ಕನ್ನಡ, ಊರಿನ ಅಣ್ಣತಮ್ಮಂದಿರ ಮಕ್ಕಳೊಡನೆ ರಜೆಯಲ್ಲಿ ಜಗಳವಾಡುವಾಗ ಕನ್ನಡ, ಹೀಗೆ ಹಲವು ಭಾಗಗಳಲ್ಲಿ ಹಂಚಿಕೊಂಡಿದ್ದರೆ ಒಂದು ನಿಂತರೂ ಇನ್ನೊಂದರಿಂದ ಎತ್ತಿ ಹಾಕಿ ನಡೆಸಬಹುದು, ಮುನಿರ್ಕಾದವನ ಬಿಸ್ಕತ್ತಿನ ಡಬ್ಬಿಯ ಹಾಗೆ.

ಹಾಗೆಂದು ಹಳೆಯದನ್ನೆಲ್ಲ ಅಟ್ಟಕ್ಕೇರಿಸಿ ಇಟ್ಟುಕೊಳ್ಳಿರೆಂದು ನಾನು ಹೇಳುತ್ತಿಲ್ಲ. ಸರ್ಕಾರಿ ಕ್ವಾರ್ಟರ್ಸಿನಲ್ಲಿ ಅಟ್ಟವೇ ಚಿಕ್ಕದು. ಬಿಡಬೇಕಾದದ್ದನ್ನು ಬಿಡಲೇಬೇಕು. ಬಿಡುವ ಮುನ್ನ ನಮ್ಮ ಕಚೇರಿಯ ನಿಯಮದಂತೆ ಕಾರಣವನ್ನು ಒಮ್ಮೆ ಸ್ಪಷ್ಟವಾಗಿ ಹೇಳಿಕೊಳ್ಳೋಣ: ಇದು ಮುರಿದಿದೆಯೇ, ಹಳತಾಗಿದೆಯೇ, ಇಲ್ಲವೇ ನಮಗೆ ಬೇಸರವಾಗಿದೆಯೇ? ಇದರ ಬದಲು ಬರುತ್ತಿರುವುದು ಇದರ ಯಾವ ಕೆಲಸಕ್ಕೆ ಬದಲಿ? ಉಳಿದ ಕೆಲಸವನ್ನು ಇನ್ನು ಯಾರು ಮಾಡುತ್ತಾರೆ? ಈ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲೆ ವಸ್ತುವನ್ನು ಕಬಾಡಿಯವನಿಗೆ ಕೊಟ್ಟರೂ ಮನಸ್ಸಿನಲ್ಲಿ ಕೊರೆ ಉಳಿಯದು. ಉತ್ತರ ಸಿಗದಿದ್ದರೆ, ಸಿಗುವತನಕ ಅದನ್ನು ಕಪಾಟಿನಲ್ಲಿ ಇಟ್ಟಿರುವುದು ವಾಸಿ.